ನೆಲದಡಿಯ ಗೋಬರ್ ಅನಿಲ ಸ್ಥಾವರಗಳಿಗೆ ಸರ್ಕಾರದ ಸಹಾಯಧನ: ಅರ್ಜಿದಾರರ ಮಾಹಿತಿಗಾಗಿ

ಸಗಣಿಯಿಂದ ಅಡುಗೆ ಅನಿಲವನ್ನು ಉತ್ಪಾದಿಸಿ, ನೆಲದಡಿಯ ತೊಟ್ಟಿಯಲ್ಲಿಯೇ ಸಂಗ್ರಹಿಸಿಕೊಳ್ಳುವ ಕುಟುಂಬಗಳಿಗೆ ನೆರವು ನೀಡುವ ರಾಷ್ಟ್ರೀಯ ಯೋಜನೆಯು 1981-82ನೇ ಸಾಲಿನಲ್ಲಿ ಪ್ರಾರಂಭವಾಗಿ, ನಂತರ ಬೇರೆ ಬೇರೆ ಹೆಸರುಗಳಲ್ಲಿ ಮುಂದುವರಿಯಿತು. ಪೆಟ್ರೋಲ್ ಹಾಗೂ ಡೀಸೆಲ್ ತೊಟ್ಟಿಗಳು ಈ ನೆರವಿನ ವ್ಯಾಪ್ತಿಗೆ ಬರುವುದಿಲ್ಲ; ಅವುಗಳಿಗೆ 2002ರ ಪೆಟ್ರೋಲಿಯಂ ನಿಯಮಗಳು ಅನ್ವಯಿಸುತ್ತವೆ.

ಮುದ್ದೇನಹಳ್ಳಿ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಯ ಇತರ ಹೈನುಗಾರಿಕೆ ಗ್ರಾಮಗಳಿಗೆ ಈ ಸ್ಥಾವರಗಳು ಹೊಸತೇನಲ್ಲ. ಬಾಗೇಪಲ್ಲಿಯ ಸಂಸ್ಥೆಯೊಂದು ರೂಪಿಸಿದ, ತಲಾ 2 ಘನ ಮೀಟರಿನ 5,500 ಸ್ಥಾವರಗಳ ಯೋಜನೆಯು 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಯಿತು. ಅದು ಇಂಗಾಲದ ಉಳಿತಾಯವನ್ನು ಮಾರಿ ಬಂದ ಹಣದ ಯೋಜನೆ. ಸರ್ಕಾರದ ಸಹಾಯಧನದ ಕ್ರಮವೇ ಬೇರೆ.

ನೆರವಿನ ಮೊತ್ತ

ಕೇಂದ್ರ ಸರ್ಕಾರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಜೈವಿಕ ಇಂಧನ ಶಕ್ತಿ ಕಾರ್ಯಕ್ರಮದಲ್ಲಿ, ದಿನಕ್ಕೆ 1ರಿಂದ 25 ಘನ ಮೀಟರ್ ಅನಿಲ ನೀಡುವ ಸಣ್ಣ ಸ್ಥಾವರಗಳಿಗೆ ಗಾತ್ರಕ್ಕನುಗುಣವಾಗಿ ರೂ. 9,800ರಿಂದ ರೂ. 70,400ರವರೆಗೆ ಸಹಾಯಧನವನ್ನು ನಿಗದಿಪಡಿಸಲಾಗಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದ ಫಲಾನುಭವಿಗಳಿಗೆ ಹೆಚ್ಚಿನ ದರವಿತ್ತು. ಸದರಿ ಕಾರ್ಯಕ್ರಮದ ಮೊದಲ ಹಂತದ ಅವಧಿ 2026ರ ಮಾರ್ಚ್ 31ರವರೆಗೆ. ಆದುದರಿಂದ ಅರ್ಜಿ ಸಲ್ಲಿಸುವ ಸಾಲಿನ ದರ ಮತ್ತು ಗುರಿಯನ್ನು ತಾಲ್ಲೂಕು ಪಂಚಾಯಿತಿ ಕಛೇರಿಯಲ್ಲಿ ಖಚಿತಪಡಿಸಿಕೊಂಡು, ಮಂಜೂರಾತಿ ದೊರೆತ ಮೇಲೆಯೇ ಗುಂಡಿ ತೆಗೆಸುವುದು ಕ್ಷೇಮ.

ಸಹಾಯಧನವು ನಿರ್ಮಾಣದ ಪೂರ್ಣ ವೆಚ್ಚವಲ್ಲ. ಉಳಿದ ಹಣವನ್ನು ಫಲಾನುಭವಿಯೇ ಭರಿಸಬೇಕು. ನೆಲದಲ್ಲಿ ಬಂಡೆ ಸಿಕ್ಕಿದಲ್ಲಿ ಅಗೆತದ ಖರ್ಚು ಅಂದಾಜನ್ನು ಮೀರುವುದೂ ಉಂಟು.

ಗಾತ್ರದ ಆಯ್ಕೆ

ಅರ್ಜಿದಾರರು ಹೆಚ್ಚು ಗಮನ ಕೊಡಬೇಕಾದ ವಿಷಯವಿದು. ಹೆಚ್ಚು ಸಹಾಯಧನ ದೊರೆಯುವುದೆಂದು ದೊಡ್ಡ ಸ್ಥಾವರ ಕಟ್ಟಿಸಿ, ಸಗಣಿ ಸಾಲದೆ ಒಲೆ ಉರಿಯದಿದ್ದರೆ ಸ್ವಂತ ಹಣವೂ ನೆಲದಡಿ ಸೇರಿದಂತೆಯೇ. ಒಂದು ಘನ ಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 25 ಕೆ.ಜಿ. ಹಸಿ ಸಗಣಿ, ಅಷ್ಟೇ ಪ್ರಮಾಣದ ನೀರು ಬೇಕು. ಕೊಟ್ಟಿಗೆಯಲ್ಲಿ ಕಟ್ಟಿದ ಒಂದು ದೊಡ್ಡ ರಾಸಿನಿಂದ ಸಾಮಾನ್ಯವಾಗಿ 10ರಿಂದ 15 ಕೆ.ಜಿ. ಸಗಣಿ ದೊರೆಯುತ್ತದೆ. ಎರಡು ಹಸುಗಳಿರುವ ಮನೆಗೆ 1 ಘನ ಮೀಟರ್, ನಾಲ್ಕೈದು ಇದ್ದಲ್ಲಿ 2 ಘನ ಮೀಟರ್ ಸೂಕ್ತ. ಬೇಸಿಗೆಯಲ್ಲಿ ರಾಸು ಮಾರುವ ಯೋಚನೆಯಿದ್ದವರು ಉಳಿಯುವ ರಾಸುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಪೂರ್ಣ ಪ್ರಮಾಣದಲ್ಲಿ ನಡೆಯುವ 2 ಘನ ಮೀಟರಿನ ಸ್ಥಾವರದ ಅನಿಲವು ತಿಂಗಳಿಗೆ ಸುಮಾರು 25 ಕೆ.ಜಿ. ಎಲ್.ಪಿ.ಜಿ.ಗೆ ಸಮ, ಅಂದರೆ 14.2 ಕೆ.ಜಿ.ಯ ಎರಡು ಸಿಲಿಂಡರ್‌ಗಳಿಗಿಂತ ತುಸು ಕಡಿಮೆ. ಹೊರಬರುವ ಬಗ್ಗಡವು ಹಿಪ್ಪುನೇರಳೆ ತೋಟಕ್ಕೆ ಉತ್ತಮ ಗೊಬ್ಬರ.

ಸ್ಥಳ ಮತ್ತು ದಾಖಲೆಗಳು

ಸ್ಥಾವರವು ಕೊಟ್ಟಿಗೆಗೂ ಅಡುಗೆ ಮನೆಗೂ ಸಮೀಪವಿದ್ದು, ಬಿಸಿಲು ಬೀಳುವ ಜಾಗದಲ್ಲಿರಬೇಕು. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರತಕ್ಕದ್ದು. ಅರ್ಜಿಯೊಂದಿಗೆ ಸಾಮಾನ್ಯವಾಗಿ ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಜಾಗದ ದಾಖಲೆ ಹಾಗೂ ಅನ್ವಯಿಸಿದಲ್ಲಿ ಜಾತಿ ಪ್ರಮಾಣ ಪತ್ರದ ಪ್ರತಿಗಳನ್ನು ಲಗತ್ತಿಸಬೇಕಾಗುತ್ತದೆ. ಕಾಮಗಾರಿ ಮುಗಿಸಿ, ಸ್ಥಾವರ ಚಾಲನೆಯಲ್ಲಿರುವುದನ್ನು ತಪಾಸಣೆಯ ವೇಳೆ ತೋರಿಸಬೇಕು. ನಿರ್ಮಾಣ ಮಾಡಿದವರಿಂದ ಐದು ವರ್ಷಗಳ ಉಚಿತ ನಿರ್ವಹಣೆಯ ಖಾತರಿಯನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು. ಬಾಯಿಮಾತಿನ ಭರವಸೆ ಮುಂದೆ ದೂರು ನೀಡಲು ಆಧಾರವಾಗುವುದಿಲ್ಲ.

ಎಚ್ಚರಿಕೆ

ಮೊದಲು ಬರುವ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಅದನ್ನು ಹಚ್ಚದೆ ಹೊರಬಿಡಬೇಕು. ಗುಮ್ಮಟದ ಸೋರಿಕೆಯನ್ನು ಪರೀಕ್ಷಿಸಲು ಸಾಬೂನು ನೀರನ್ನು ಬಳಸಬೇಕೇ ಹೊರತು ಬೆಂಕಿಕಡ್ಡಿಯನ್ನಲ್ಲ.

ಬಳಕೆಯಲ್ಲಿದ್ದ ತೊಟ್ಟಿಯೊಳಗೆ, ಅದು ಖಾಲಿಯಾಗಿ ಕಂಡರೂ, ಮನೆಯವರಾಗಲಿ ಕೂಲಿಯಾಳಾಗಲಿ ಇಳಿಯಕೂಡದು. ಒಳಗೆ ಆಮ್ಲಜನಕವಿರುವುದಿಲ್ಲ, ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಉಳಿದಿರುತ್ತದೆ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಪ್ರಾಣ ಕಳೆದುಕೊಳ್ಳುತ್ತಾರೆ. ಅಂತಹ ಸಂದರ್ಭದಲ್ಲಿ ಮೇಲಿನಿಂದಲೇ ಗಾಳಿ ಹಾಯಿಸುತ್ತಾ, ತಕ್ಷಣ 112ಕ್ಕೆ ಕರೆ ಮಾಡತಕ್ಕದ್ದು. ಹೂಳು ತೆಗೆಸುವ ಕೆಲಸವನ್ನು ಸೂಕ್ತ ಸಲಕರಣೆಯುಳ್ಳ ತರಬೇತಿ ಪಡೆದವರಿಂದಲೇ ಮಾಡಿಸಬೇಕು.