ಪಂಜರದ ಹಾಡು, ಹಿಂಡಿನ ಹಾಡು

ಹೈದರಾಬಾದಿನ ಮುರ್ಗಿ ಚೌಕದಲ್ಲಿ ಜೀಬ್ರಾ ಫಿಂಚ್ ರಾಜಾರೋಷವಾಗಿ ಮಾರಾಟವಾಗುತ್ತದೆ. ನಮ್ಮದೇ ರಾಟವಾಳವನ್ನು ಮಾರಿದರೆ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹಕ್ಕಿಹಾಡಿನ ಮಿದುಳು ಸಂಶೋಧನೆಯಲ್ಲೂ ಆಸ್ಟ್ರೇಲಿಯಾದ ಈ ಫಿಂಚ್‌ನದೇ ದರ್ಬಾರು. ಗಂಡು ಹೆಣ್ಣನ್ನು ಒಲಿಸಲು ಹಾಡುತ್ತದೆ, ಡೋಪಮೀನ್ ಉಕ್ಕುತ್ತದೆ, ಮುಗಿಯಿತು ಎಂಬ ಜನಪ್ರಿಯ ಕಥೆ ಅದರ ಪಂಜರದಿಂದಲೇ ಹೊರಟದ್ದು.

ಸಾಲಿಂ ಅಲಿ 1931ರಲ್ಲಿ ನಿಜಾಮರ ಹೈದರಾಬಾದ್ ರಾಜ್ಯದ ಪಕ್ಷಿ ಸಮೀಕ್ಷೆ ಕೈಗೊಂಡಾಗ ರಾಯಚೂರು, ಬೀದರ್, ಕಲಬುರಗಿಗಳೂ ಆ ರಾಜ್ಯದಲ್ಲೇ ಇದ್ದವು. ಆಗಿನ ಸಲಕರಣೆ ಬಂದೂಕು ಮತ್ತು ಟಿಪ್ಪಣಿ ಪುಸ್ತಕ. ಹಾಡನ್ನು ಚಿತ್ರವಾಗಿಸುವ ಯಂತ್ರ ಹಿಡಿದು ಕೇಂಬ್ರಿಜ್‌ನ ಥಾರ್ಪ್, ಮರಿಗಳು ಹಾಡು ಕಲಿಯುತ್ತವೆಂದು 1950ರ ದಶಕದಲ್ಲಿ ತೋರಿಸಿದರು. ಕಿವುಡಾದ ಮರಿಯ ಹಾಡು ಕೆಡುತ್ತದೆಂದು 1965ರಲ್ಲಿ ಕೊನಿಶಿ ಕಂಡುಕೊಂಡರು. 1976ರಲ್ಲಿ ನಾಟೆಬಾಮ್ ತಂಡ ಕ್ಯಾನರಿಯ ಮಿದುಳಿನಲ್ಲಿ ಹಾಡಿನ ಕೇಂದ್ರಗಳನ್ನು ಗುರುತಿಸಿತು. (ಕವಿಗಳು ಮುನಿಯಬಾರದು: ವರ್ಗೀಕರಣದಲ್ಲಿ ಹಾಡುಹಕ್ಕಿಗಳ ಗುಂಪಿಗೆ ಸೇರುವುದು ಕಾಗೆ, ಕೋಗಿಲೆಯಲ್ಲ.)

ಅಲ್ಲಿಯತನಕ ಮಿದುಳಿನ ಅಧ್ಯಯನದಲ್ಲಿ ಕೇಳುಗರ ಲೆಕ್ಕ ಯಾರೂ ಇಟ್ಟಿರಲಿಲ್ಲ ಎಂದರೂ ನಡೆದೀತು. 1998ರಲ್ಲಿ ಎರಿಕ್ ಜಾರ್ವಿಸ್ ಮತ್ತು ಸಂಗಡಿಗರು ಚಿತ್ರ ಬದಲಿಸಿದರು. ಜೀಬ್ರಾ ಫಿಂಚ್ ಒಂಟಿಯಾಗಿ ಹಾಡಿದಾಗ ಮುಮ್ಮಿದುಳಿನ ಕೆಲವು ಕೇಂದ್ರಗಳಲ್ಲಿ ಒಂದು ಜೀನ್ ಜೋರಾಗಿ ಚುರುಕಾಗುತ್ತಿತ್ತು. ಅದೇ ಹಾಡನ್ನು ಹೆಣ್ಣಿನೆದುರು ಹಾಡಿದಾಗ ಬಹುಮಟ್ಟಿಗೆ ಸುಮ್ಮನಿರುತ್ತಿತ್ತು. ಮರುವರ್ಷ ಹೆಸ್ಲರ್ ಮತ್ತು ಆಲಿಸನ್ ಡೂಪ್ ನರಕೋಶಗಳ ಮಿಡಿತದಲ್ಲೂ ಅಂಥದೇ ವ್ಯತ್ಯಾಸ ಕಂಡರು. 2005ರ ವೇಳೆಗೆ ಎಲ್‌ಮ್ಯಾನ್ ಎಂಬ ಕೇಂದ್ರದ ಕೆಲಸ ಸ್ಪಷ್ಟವಾಯಿತು: ಅದು ಹಾಡಿಗೆ ಬೇಕೆಂದೇ ಅಲುಗಾಟ ಬೆರೆಸುತ್ತದೆ. ಒಂಟಿತನದಲ್ಲಿ ಹಕ್ಕಿ ಸ್ವರಗಳನ್ನು ಅತ್ತಿತ್ತ ಎಳೆದು ನೋಡುತ್ತದೆ, ಹೆಣ್ಣು ಬಂದರೆ ಬಿಗಿಯಾಗುತ್ತದೆ.

ಡೂಪ್ ಪ್ರಯೋಗಾಲಯದಲ್ಲಿ ಪಳಗಿದ ರಾಘವ್ ರಾಜನ್, ಹಾಡಿಗೆ ಮುಂಚಿನ ಪುಟ್ಟ ಪೀಠಿಕಾಸ್ವರಗಳನ್ನು ಹಿಡಿದರು. ಕಛೇರಿಗೆ ಮುನ್ನ ಶ್ರುತಿ ನೋಡಿಕೊಳ್ಳುವಂತೆ ಹಕ್ಕಿ ಇವುಗಳ ಮೂಲಕ ಸಜ್ಜಾಗುತ್ತದೆಂದು 2013ರ ಪ್ರಬಂಧ ಸೂಚಿಸಿತು. ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಅವರ ಈ ಎಳೆ ಮುಂದುವರಿದಿದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಸೌಮ್ಯಾ ಅಯ್ಯಂಗಾರ್ ತಂಡ, ಮಿದುಳಿನದೇ ಅಫೀಮಿನಂಥ ರಾಸಾಯನಿಕಗಳನ್ನು ತಡೆದರೆ ಹಾಡು ಇಳಿಯುತ್ತದೆಂದು 2010ರಲ್ಲಿ ವರದಿ ಮಾಡಿತು. 2019ರಲ್ಲಿ ಊರಕಾಗೆಯ ಮಿದುಳಿನ ಡೋಪಮೀನ್ ಜಾಲದತ್ತ ಹೊರಳಿತು. ಪಂಜರದಾಚೆಗಿನ ಹಕ್ಕಿಯನ್ನು ಆರಿಸಿಕೊಂಡದ್ದೇ ದೊಡ್ಡ ಮಾತು.

ಇನ್ನು ಆ ಡೋಪಮೀನ್. ವಿಕ್ರಮ್ ಗದಗ್‌ಕರ್, ಜೆಸ್ಸಿ ಗೋಲ್ಡ್‌ಬರ್ಗ್ ಮೊದಲಾದವರು 2016ರಲ್ಲಿ ತೋರಿಸಿದಂತೆ, ಅದು ಸುಖದ ರಸವೆನ್ನುವುದಕ್ಕಿಂತ ತಪ್ಪೊಪ್ಪಿನ ಲೆಕ್ಕ. ಸ್ವರ ನಿರೀಕ್ಷೆಗಿಂತ ಕೆಟ್ಟರೆ ಕೋಶಗಳ ಮಿಡಿತ ಕುಗ್ಗುತ್ತದೆ, ಸುಧಾರಿಸಿದರೆ ಏರುತ್ತದೆ. 2023ರ ಅಧ್ಯಯನ ಇನ್ನೂ ಸ್ವಾರಸ್ಯದ್ದು: ಹೆಣ್ಣಿನೆದುರು ಈ ಆತ್ಮವಿಮರ್ಶೆ ತಗ್ಗಿ, ಕೋಶಗಳು ಅವಳ ಮರುದನಿಗೆ ಓಗೊಡುತ್ತವೆ.

ಆದರೂ ಈ ಪ್ರಯೋಗಗಳಲ್ಲಿ ಸಮಾಜವೆಂದರೆ ಒಂದು ಗಂಡು, ಒಂದು ಹೆಣ್ಣು. ಹೆಣ್ಣು ಹಾಡುವುದೇ ಅಪವಾದ ಎಂಬ ನಂಬಿಕೆಯನ್ನು 2014ರ ಸಮೀಕ್ಷೆ ಮುರಿಯಿತು. ಪರಿಶೀಲಿಸಿದ ಪ್ರಭೇದಗಳಲ್ಲಿ ಶೇ. 71ರಲ್ಲಿ ಹೆಣ್ಣುಗಳೂ ಹಾಡುತ್ತವೆ. ಹರಟೆಮಲ್ಲಗಳ ಹಿಂಡು ಒಟ್ಟಾಗಿ ಗದ್ದಲವೆಬ್ಬಿಸುವಾಗ ಕೇಳುಗ ಯಾರು, ಗಾಯಕ ಯಾರು?

2019ರಲ್ಲಿ ಹಾಫ್‌ಮನ್, ಗಾರ್ ತಂಡ ಕಲಹರಿಯಲ್ಲಿ ಜುಗಲ್‌ಬಂದಿ ಹಾಡುವ ನೇಕಾರ ಹಕ್ಕಿಗಳಿಗೆ ನಿಸ್ತಂತು ಸಾಧನ ಕಟ್ಟಿ, ಎರಡು ಮಿದುಳುಗಳ ಮಿಡಿತ ಹೊಂದಿಕೊಳ್ಳುವುದನ್ನು ದಾಖಲಿಸಿತು. ಅವು ನಮ್ಮ ಗೀಜಗದ ಕುಟುಂಬದವೇ. ಹೆಣ್ಣು ಬಂದೊಡನೆ ಅರೆಗಟ್ಟಿದ ಗೂಡುಗಳಿಗೆ ಜೋತ ಗೀಜಗ ಗಂಡುಗಳೆಲ್ಲ ರೆಕ್ಕೆ ಬಡಿದು ಒಮ್ಮೆಗೇ ಕೂಗುತ್ತವೆ. ಈ ಹಿಂಡಿನ ಹಾಡನ್ನು ಮಿದುಳಿನೊಳಗೆ ಹುಡುಕಲು ನೆಲೆ ಇಲ್ಲೇ ಇದೆ: ಹೈದರಾಬಾದಿನಲ್ಲಿ 1977ರಿಂದ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಇದೆ. ಹಿಕ್ಕೆಯಿಂದಲೇ ಪ್ರಾಣಿಗಳ ಹಾರ್ಮೋನ್ ಅಳೆಯಬಲ್ಲ ಅದರದೇ ಪ್ರಯೋಗಾಲಯ ಲಾಕೋನ್ಸ್ ಅದೇ ಊರಿನ ಅತ್ತಾಪುರದಲ್ಲಿದೆ. ತೊಡಕೆಂದರೆ ತೂಕ: ಗೀಜಗ ಸಾಮಾನ್ಯವಾಗಿ 30 ಗ್ರಾಂ ಕೂಡ ಮುಟ್ಟುವುದಿಲ್ಲ, ಕಲಹರಿಯ ನೆಂಟ ಅದಕ್ಕಿಂತ ದಪ್ಪ. ಸಾಧನ ಇನ್ನಷ್ಟು ಹಗುರಾಗಬೇಕು.