ಗುಡ್ಡದ ಇಳಿಜಾರಿಗೆ ಸಣ್ಣ ಟ್ರ್ಯಾಕ್ಟರ್ ಬಂದ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ವರ್ಮಾಂಟ್ ರಾಜ್ಯದಲ್ಲಿ ಗುಡ್ಡದ ಮೇಲೆ ಜಮೀನು ಇಟ್ಟುಕೊಂಡವರಿಗೆ ತಪ್ಪದ ಕೆಲಸಗಳು ಎರಡು: ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವುದು, ಚಳಿಗಾಲದಲ್ಲಿ ಮನೆಯಿಂದ ರಸ್ತೆಯವರೆಗಿನ ದಾರಿಯ ಹಿಮ ತೆಗೆಯುವುದು. ಇವೆರಡನ್ನೂ ಒಂದೇ ಸಣ್ಣ ಟ್ರ್ಯಾಕ್ಟರಿನಿಂದ ಮಾಡಿಸುವ ಪದ್ಧತಿ ಅಲ್ಲಿ ಇಂದು ಎಷ್ಟು ಸಹಜವಾಗಿದೆಯೆಂದರೆ ಅದು ಬಹಳ ಹಿಂದಿನಿಂದ ಬಂದದ್ದೆಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ಅದು ಹೆಚ್ಚಾಗಿ ಎರಡನೆಯ ಮಹಾಯುದ್ಧದ ನಂತರ ಬೇರೂರಿದ್ದು. ಅಲ್ಲಿನ ಮನೆಗಳಿಗೆ ಬಂದ, ಕುಳಿತು ನಡೆಸುವ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಬಯಲು ಹೊಲಕ್ಕಾಗಿ ಇಲ್ಲವೇ ಭತ್ತದ ಗದ್ದೆಗಾಗಿ ರೂಪುಗೊಂಡು, ಅನಂತರ ಗುಡ್ಡ ಹತ್ತಿದಂಥವು.

ಹುಲ್ಲು ಕತ್ತರಿಸುವ ಅಗತ್ಯದ ಬೇರು ಆ ನೆಲದ ಕೃಷಿಚರಿತ್ರೆಯಲ್ಲಿದೆ. ಪೋರ್ಚುಗಲ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದ ವಿಲಿಯಂ ಜಾರ್ವಿಸ್ 1811ರಲ್ಲಿ ವರ್ಮಾಂಟಿನ ವೆದರ್ಸ್‌ಫೀಲ್ಡಿಗೆ ಮೆರಿನೋ ಕುರಿಗಳನ್ನು ತಂದ ಮೇಲೆ ಉಣ್ಣೆಯ ವ್ಯಾಪಾರ ಭರದಿಂದ ಬೆಳೆಯಿತು. 1840ರ ವೇಳೆಗೆ ಮೂರು ಲಕ್ಷಕ್ಕೂ ಕಡಿಮೆ ಜನರಿದ್ದ ಆ ರಾಜ್ಯದಲ್ಲಿ 16 ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು, ಅವುಗಳ ಮೇವಿಗಾಗಿ ಗುಡ್ಡಗಳ ಕಾಡನ್ನು ನೆತ್ತಿಯವರೆಗೆ ಕಡಿಯಲಾಗಿತ್ತು. ಉಣ್ಣೆಯ ಬೆಲೆ ಬಿದ್ದಾಗ ಕುರಿಯ ಜಾಗಕ್ಕೆ ಹಸು ಬಂದಿತು, ಹೈನುಗಾರಿಕೆಯೂ ಸಣ್ಣ ಹಿಡುವಳಿಗಳಿಗೆ ದುಬಾರಿಯಾದಾಗ ಎಷ್ಟೋ ಗುಡ್ಡದ ಹೊಲಗಳು ಪಾಳುಬಿದ್ದವು. ಕೆಲವು ವರ್ಷ ಕತ್ತಿ ತಾಗದ ಹುಲ್ಲುಗಾವಲಿನಲ್ಲಿ ಅಲ್ಲಿ ಮೊದಲು ಪೊದೆ, ಆಮೇಲೆ ಪೈನ್, ಬರ್ಚ್ ಸಸಿಗಳು ಏಳುತ್ತವೆ. ಇಂದು ವರ್ಮಾಂಟಿನ ಸುಮಾರು ಮುಕ್ಕಾಲು ಭಾಗ ಮತ್ತೆ ಕಾಡಾಗಿರುವುದರಿಂದ, ಉಳಿದಿರುವ ತೆರೆದ ನೆಲವನ್ನು ತೆರೆದೇ ಇಡಬೇಕೆನ್ನುವವರು ಬೆಳೆ ತೆಗೆಯದಿದ್ದರೂ ವರ್ಷಕ್ಕೊಮ್ಮೆಯಾದರೂ ಅದನ್ನು ಕೊಯ್ಯಲೇಬೇಕು.

ಹಿಮ ತೆಗೆಯುವ ಕೆಲಸದ ಚರಿತ್ರೆ ಇದಕ್ಕಿಂತ ಚಿಕ್ಕದು. ಕುದುರೆಯ ಕಾಲದಲ್ಲಿ ವರ್ಮಾಂಟಿನ ಊರುಗಳು ರಸ್ತೆಯ ಹಿಮವನ್ನು ತೆಗೆಯುತ್ತಲೇ ಇರಲಿಲ್ಲ. ಮರದ ದೊಡ್ಡ ಉರುಳೆಗಳನ್ನು ಕುದುರೆಗಳಿಂದ ಎಳೆಸಿ ಹಿಮವನ್ನು ಗಟ್ಟಿಯಾಗಿ ಒತ್ತುತ್ತಿದ್ದರು, ಏಕೆಂದರೆ ಚಕ್ರದ ಬದಲು ಜಾರುಪಟ್ಟಿಗಳ ಮೇಲೆ ಓಡುವ ಸ್ಲೆಡ್ಜ್ ಬಂಡಿಗೆ ಬೇಕಾದದ್ದು ಬರಿ ನೆಲವಲ್ಲ, ಒತ್ತಾದ ಹಿಮ. ಚಳಿಗಾಲದಲ್ಲೂ ಮೋಟಾರು ಕಾರು ಓಡಬೇಕೆಂದಾದಾಗ ಈ ಲೆಕ್ಕಾಚಾರ ತಲೆಕೆಳಗಾಯಿತು. ಗಡಿಯಾಚೆಯ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಆರ್ಥರ್ ಸಿಕಾರ್ ಎಂಬವರು ಹಿಮವನ್ನು ಒಳಗೆಳೆದು ದೂರಕ್ಕೆ ಚಿಮ್ಮುವ ಯಂತ್ರವನ್ನು 1925ರಲ್ಲಿ ರೂಪಿಸಿದರು. ಊರ ರಸ್ತೆಯನ್ನು ಪೌರಾಡಳಿತ ನೋಡಿಕೊಂಡರೂ ರಸ್ತೆಯಿಂದ ಮನೆಯವರೆಗಿನ ಖಾಸಗಿ ದಾರಿ ಮನೆಯವರದೇ ಹೊಣೆಯಾಗಿ ಉಳಿಯಿತು. ಗುಡ್ಡದ ಮನೆಗಳಲ್ಲಿ ಆ ದಾರಿ ಉದ್ದವೂ ಹೌದು, ಕಡಿದೂ ಹೌದು.

ಗುಡ್ಡಗಾಡಿನಲ್ಲೇ ಹುಟ್ಟಿದ ಒಂದು ಯಂತ್ರವನ್ನು ಇಲ್ಲಿ ಹೆಸರಿಸದಿದ್ದರೆ ಅನ್ಯಾಯವಾದೀತು. ಪಶ್ಚಿಮ ವರ್ಜೀನಿಯಾದ ಛಾಯಾಗ್ರಾಹಕ ಬೆಂಜಮಿನ್ ಫ್ರಾಂಕ್ಲಿನ್ ಗ್ರೇವ್ಲಿ 1916ರಲ್ಲಿ ಪೇಟೆಂಟ್ ಪಡೆದ ಮೋಟಾರು ನೇಗಿಲಿನಿಂದ ಬೆಳೆದು ಬಂದ, ಡನ್‌ಬಾರ್ ಪಟ್ಟಣದಲ್ಲಿ ತಯಾರಾದ ಎರಡು ಚಕ್ರದ ಟ್ರ್ಯಾಕ್ಟರನ್ನು ಹಿಂದೆ ನಡೆಯುತ್ತ ಹಿಡಿದು ನಡೆಸಬೇಕಿತ್ತು. ಅದರ ಮುಂದೆ ಬೇಸಿಗೆಯಲ್ಲಿ ಹುಲ್ಲಿನ ಕತ್ತಿಯನ್ನೂ ಚಳಿಗಾಲದಲ್ಲಿ ಹಿಮದ ಹಲಗೆಯನ್ನೂ ಜೋಡಿಸಬಹುದಾಗಿತ್ತು. ಆಳು ಅದರ ಮೇಲೆ ಕೂರುತ್ತಿರಲಿಲ್ಲವಾದ್ದರಿಂದ ಇಳಿಜಾರಿನಲ್ಲಿ ಯಂತ್ರ ಮಗುಚಿದರೂ ಅವನು ಅದರ ಅಡಿಗೆ ಸಿಕ್ಕುವ ಸಂಭವ ಕಡಿಮೆಯಿತ್ತು, ಮತ್ತು ಈ ಒಂದು ಗುಣದಲ್ಲಿ ಅದು ಅನಂತರ ಬಂದ ಎಷ್ಟೋ ದೊಡ್ಡ ಯಂತ್ರಗಳಿಗಿಂತ ಮೇಲಾಗಿತ್ತು.

ಕುಳಿತು ನಡೆಸುವ ಸಣ್ಣ ಟ್ರ್ಯಾಕ್ಟರಿನ ನಿಜವಾದ ಆರಂಭ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಅವರ ಜೋಡಣೆಯಿಂದ. ಅದಕ್ಕಿಂತ ಮೊದಲು ನೇಗಿಲನ್ನು ಸರಪಳಿಯಿಂದಲೋ ಕೊಂಡಿಯಿಂದಲೋ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೆ ಸಿಕ್ಕಿಕೊಂಡಾಗ ಹಿಂದಿನ ಚಕ್ರ ನಿಂತು, ಮುಂಭಾಗ ಮೇಲಕ್ಕೆದ್ದು, ಇಡೀ ಯಂತ್ರ ಚಾಲಕನ ಮೇಲೆ ಹಿಮ್ಮಗುಚಿ ಬೀಳುವ ಅಪಾಯವಿತ್ತು. ಫರ್ಗ್ಯೂಸನ್ ಸಲಕರಣೆಯನ್ನು ಮೂರು ಬಿಂದುಗಳಲ್ಲಿ ಟ್ರ್ಯಾಕ್ಟರಿಗೆ ಸೇರಿಸಿ, ಎಣ್ಣೆಯ ಒತ್ತಡದಿಂದ ಅಂದರೆ ಹೈಡ್ರಾಲಿಕ್ ಶಕ್ತಿಯಿಂದ ಅದನ್ನು ಎತ್ತಿ ಇಳಿಸುವಂತೆ ಮಾಡಿದರು. ಎಳೆತದ ಬಲ ಮೂತಿಯನ್ನು ಎತ್ತುವ ಬದಲು ನೆಲಕ್ಕೆ ಒತ್ತುವಂತಾದ್ದರಿಂದ ಹಗುರವಾದ ಟ್ರ್ಯಾಕ್ಟರೂ ಭಾರವಾದ ಕೆಲಸ ಮಾಡಬಲ್ಲದ್ದಾಯಿತು. 1938ರಲ್ಲಿ ಹೆನ್ರಿ ಫೋರ್ಡ್ ಅವರೊಡನೆ ಬರಿಯ ಕೈಕುಲುಕಿ ಮಾಡಿಕೊಂಡ ಒಪ್ಪಂದದ ಫಲವಾಗಿ 1939ರಲ್ಲಿ ಫೋರ್ಡ್ 9ಎನ್ ಹೊರಬಂದಿತು. ಯುದ್ಧದ ನಂತರ ಆ ಒಪ್ಪಂದ ಮುರಿದು ನ್ಯಾಯಾಲಯ ಮುಟ್ಟಿತು, ಆದರೆ ಅದೇ ವಂಶದ 8ಎನ್ 1947ರಿಂದ 1952ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಸಣ್ಣ ಹೊಲಗಳು ಮುಚ್ಚಿದಾಗ ಅಗ್ಗವಾಗಿ ಸಿಗುತ್ತಿದ್ದ ಇಂಥ ಹಳೆಯ ಟ್ರ್ಯಾಕ್ಟರುಗಳನ್ನೇ ಗುಡ್ಡದ ಮನೆಗಳ ಹೊಸ ಒಡೆಯರು ಕೊಂಡರು.

8ಎನ್ ಗುಡ್ಡಕ್ಕೆ ಬಂದಾಗ ಅದರ ಒಂದು ದೋಷ ಎದ್ದು ಕಂಡಿತು. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ತಿರುಗುತ್ತ ಎಂಜಿನ್ನಿನ ಶಕ್ತಿಯನ್ನು ಸಲಕರಣೆಗೆ ಕೊಡುವ ದಂಡಕ್ಕೆ ಪಿ.ಟಿ.ಓ. ಎನ್ನುತ್ತಾರೆ. 8ಎನ್‌ನಲ್ಲಿ ಈ ದಂಡವೂ ಚಕ್ರಗಳೂ ಒಂದೇ ಕ್ಲಚ್ಚಿನ ಆಚೆಗಿದ್ದುದರಿಂದ, ಹುಲ್ಲು ಕತ್ತರಿಸುವಾಗ ಚಾಲಕ ಕ್ಲಚ್ ಒತ್ತಿದರೆ ಎಂಜಿನ್ ಮಾತ್ರ ಬೇರೆಯಾಗುತ್ತಿತ್ತು. ಹಿಂದೆ ವೇಗವಾಗಿ ತಿರುಗುತ್ತಿದ್ದ ಕಬ್ಬಿಣದ ಅಲಗು ತನ್ನ ರಭಸದಿಂದಲೇ ಗೇರುಗಳ ಮೂಲಕ ಚಕ್ರಗಳನ್ನು ತಳ್ಳುತ್ತ ಟ್ರ್ಯಾಕ್ಟರನ್ನು ಮುಂದಕ್ಕೆ ಒಯ್ಯುತ್ತಿತ್ತು. ಸಮತಟ್ಟಿನಲ್ಲಿ ಇದರಿಂದ ಬೇಲಿ ಮುರಿದೀತು, ಆದರೆ ಇಳಿಜಾರಿನಲ್ಲಿ ಕೆಳಮುಖವಾಗಿ ಹೋಗುವಾಗ ಪ್ರಾಣಕ್ಕೇ ಕುತ್ತು ಬರುತ್ತಿತ್ತು. ದಂಡಕ್ಕೆ ಒಂದೇ ದಿಕ್ಕಿನಲ್ಲಿ ಬಲ ಸಾಗಿಸುವ ಸಣ್ಣ ಕೊಂಡಿಯೊಂದನ್ನು ತೊಡಿಸಿದರೆ ಈ ಅಪಾಯ ತಪ್ಪುತ್ತಿತ್ತು. ಅದಿಲ್ಲದೆ ದುಡಿದ ಯಂತ್ರಗಳೂ ಉಂಟು. ಹಿಮ ಚಿಮ್ಮುವ ಯಂತ್ರಕ್ಕೂ ಇದೇ ತೊಡಕು ಇನ್ನೊಂದು ರೂಪದಲ್ಲಿ ಎದುರಾಯಿತು: ಟ್ರ್ಯಾಕ್ಟರ್ ನಿಲ್ಲಿಸಿದರೆ ಚಿಮ್ಮುಗವೂ ನಿಂತು, ಅದರ ಬಾಯಿಯಲ್ಲಿ ಹಿಮ ಗಂಟುಕಟ್ಟುತ್ತಿತ್ತು. ಚಕ್ರ ನಿಂತರೂ ತಿರುಗುತ್ತಲೇ ಇರುವ ಸ್ವತಂತ್ರ ಪಿ.ಟಿ.ಓ.ವನ್ನು ಕೆನಡಾದ ಕಾಕ್‌ಷಟ್ ಸಂಸ್ಥೆ 1946ರಲ್ಲೇ ತನ್ನ ‘30’ ಎಂಬ ಮಾದರಿಗೆ ಅಳವಡಿಸಿದ್ದರೂ ಸಣ್ಣ ಟ್ರ್ಯಾಕ್ಟರುಗಳಲ್ಲಿ ಅದು ಸಾಮಾನ್ಯವಾಗಲು ಬಹಳ ಕಾಲ ಹಿಡಿಯಿತು.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆ 1947ರಲ್ಲಿ ತಂದ ಫಾರ್ಮಾಲ್ ಕಬ್ ಬೆಳೆಯ ಸಾಲುಗಳ ಮೇಲೆ ಹಾದುಹೋಗಲು ಎತ್ತರವಾಗಿ ನಿಂತ ಟ್ರ್ಯಾಕ್ಟರು. ಎತ್ತರ ಹೆಚ್ಚಿದಷ್ಟೂ ಗುರುತ್ವಕೇಂದ್ರ, ಅಂದರೆ ಇಡೀ ಭಾರ ನಿಂತಿದೆಯೆಂದು ಎಣಿಸಬಹುದಾದ ಬಿಂದು, ಮೇಲೇರುತ್ತದೆ. ಆ ಬಿಂದುವಿನಿಂದ ನೇರ ಕೆಳಕ್ಕೆ ಎಳೆದ ಗೆರೆ ಚಕ್ರಗಳ ಹೊರಗೆ ಬಿದ್ದ ಕ್ಷಣ ಯಂತ್ರ ಉರುಳುತ್ತದೆ. ಸಂಸ್ಥೆ 1955ರಲ್ಲಿ ಅದೇ ಯಂತ್ರವನ್ನು ತಗ್ಗಿಸಿ ಲೋ-ಬಾಯ್ ಎಂಬ ಹೆಸರಿನಲ್ಲಿ ಮಾರಿತು, 1961ರಲ್ಲಿ ಮನೆಯಂಗಳಕ್ಕೆಂದೇ ಕಬ್ ಕ್ಯಾಡೆಟ್ ಎಂಬ ಇನ್ನೂ ಚಿಕ್ಕ ಯಂತ್ರವನ್ನು ತಂದಿತು. 1963ರಲ್ಲಿ ಜಾನ್ ಡಿಯರ್ ಸಂಸ್ಥೆಯ 110 ಬಂದಿತು. ಇವು ಅಂಗಳಕ್ಕೆ ಸಾಕಾಗಿದ್ದವು. ಮಂಜುಗಡ್ಡೆಯಾದ ಕಡಿದಾದ ದಾರಿಯಲ್ಲಿ ಮಾತ್ರ ಎರಡೇ ಚಕ್ರಗಳು ಎಳೆಯುವ ಈ ಹಗುರ ಯಂತ್ರಗಳಿಗೆ ಸರಪಳಿ ಸುತ್ತಿ, ಭಾರ ಕಟ್ಟಬೇಕಾಗುತ್ತಿತ್ತು. ದೊಡ್ಡ ಟ್ರ್ಯಾಕ್ಟರುಗಳ ಹಿಂದಿನ ಟೈರುಗಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರು ತುಂಬುವ ರೂಢಿಯಿತ್ತು. ಆ ದ್ರಾವಣ ಚಳಿಗೆ ಹೆಪ್ಪುಗಟ್ಟದೆ ಭಾರ ಕೊಡುತ್ತಿತ್ತು, ಸೋರಿದರೆ ಚಕ್ರದ ಕಬ್ಬಿಣವನ್ನು ತುಕ್ಕಿನಿಂದ ತಿಂದುಹಾಕುತ್ತಿತ್ತು.

ಗುಡ್ಡದ ಮನೆಗೆ ಒಪ್ಪುವ ಯಂತ್ರ ಕೊನೆಗೆ ಬಂದದ್ದು ಜಪಾನಿನಿಂದ. ಒಸಾಕಾದಲ್ಲಿ 1890ರಲ್ಲಿ ಸ್ಥಾಪನೆಯಾದ ಕುಬೋಟಾ ಸಂಸ್ಥೆ 1969ರಲ್ಲಿ ಎಲ್200 ಎಂಬ ಡೀಸೆಲ್ ಟ್ರ್ಯಾಕ್ಟರನ್ನು ಅಮೆರಿಕಕ್ಕೆ ಕಳಿಸಿತು. 1970ರ ದಶಕದಲ್ಲಿ ಬಂದ ಬಿ6000ರಂಥ ಇನ್ನೂ ಸಣ್ಣ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವ್ಯವಸ್ಥೆಯಿತ್ತು. ಕೆಸರುಗದ್ದೆಯಲ್ಲಿ ಹೂತುಹೋಗದಿರಲೆಂದು ಮಾಡಿದ ಈ ಏರ್ಪಾಡು ಹಿಮದ ಇಳಿಜಾರಿನಲ್ಲಿ ಎಣಿಸದಿದ್ದ ಉಪಕಾರ ಮಾಡಿತು. ಇಂಥ ಟ್ರ್ಯಾಕ್ಟರುಗಳ ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗಷ್ಟೇ ಇರುತ್ತದೆ. ಮುಂದೆ ಜೋಡಿಸಿದ ಬಾನಿಯಲ್ಲಿ ಹಿಮ ತುಂಬಿಕೊಂಡು ಕೆಳಗಿಳಿಯುವಾಗ ಹಿಂಭಾಗ ಹಗುರಾಗಿ ಆ ಚಕ್ರಗಳು ಜಾರತೊಡಗಿದರೆ ಯಂತ್ರವನ್ನು ತಡೆಯುವ ಬೇರೆ ಬಲವೇ ಇರುವುದಿಲ್ಲ. ನಾಲ್ಕು ಚಕ್ರದ ಚಾಲನೆ ತೊಡಗಿಸಿದ್ದರೆ ಮುಂದಿನ ಚಕ್ರಗಳೂ ಗೇರುಗಳ ಮೂಲಕ ಹಿಂದಿನವಕ್ಕೆ ಬೆಸೆದುಕೊಂಡು ತಡೆಗೆ ನೆರವಾಗುತ್ತವೆ. ಇಷ್ಟು ಹೊತ್ತಿಗೆ ಗೇರು ಬದಲಿಸದೆ ಕಾಲಿನ ಒತ್ತಿನಿಂದಲೇ ವೇಗ ಏರಿಳಿಸುವ ಹೈಡ್ರೋಸ್ಟ್ಯಾಟಿಕ್ ಚಾಲನೆಯೂ ಸಣ್ಣ ಯಂತ್ರಗಳಿಗೆ ಬಂದಿತ್ತು, ಹಿಮದಲ್ಲಿ ಮೇಲಿಂದ ಮೇಲೆ ಹಿಂದೆ ಮುಂದೆ ಹೋಗುವವರಿಗೆ ಅದರಿಂದ ದೊಡ್ಡ ಅನುಕೂಲವಾಯಿತು. ಜಪಾನಿನ ಗದ್ದೆಯಂತ್ರಗಳ ಈ ಪರಂಪರೆ ಕರ್ನಾಟಕಕ್ಕೂ ಅಪರಿಚಿತವಲ್ಲ, ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ಮಿತ್ಸುಬಿಷಿಯ ಸಹಯೋಗದಲ್ಲಿ 1960ರ ದಶಕದಲ್ಲಿ ಆರಂಭಿಸಿದ ಪವರ್ ಟಿಲ್ಲರ್ ಉದ್ಯಮ ಅದರದೇ ಒಂದು ಕವಲು.

ಶಕ್ತಿ, ಹಿಡಿತ, ಅನುಕೂಲ ಎಲ್ಲವೂ ಬಂದ ಮೇಲೆ ಕಟ್ಟಕಡೆಗೆ ಬಂದದ್ದು ಚಾಲಕನ ರಕ್ಷಣೆ. ಟ್ರ್ಯಾಕ್ಟರ್ ಉರುಳಿದರೂ ಚಾಲಕನ ಸುತ್ತ ಜಾಗ ಉಳಿಸುವ ಉಕ್ಕಿನ ಚೌಕಟ್ಟಿಗೆ, ಅಂದರೆ ರೋಲ್ ಬಾರಿಗೆ, ಸ್ವೀಡನ್ 1959ರಲ್ಲೇ ಕಾನೂನಿನ ಬಲ ಕೊಟ್ಟಿತ್ತು. ಅಮೆರಿಕದಲ್ಲಿ 1976ರ ಅಕ್ಟೋಬರಿನ ನಂತರ ತಯಾರಾದ, 20 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರನ್ನು ಕೂಲಿಯಾಳು ನಡೆಸುವುದಾದರೆ ಮಾತ್ರ ಅದು ಕಡ್ಡಾಯವಾಯಿತು. ತನ್ನ ಜಮೀನಿನಲ್ಲಿ ತಾನೇ ದುಡಿಯುವವನು ಆ ನಿಯಮದ ಹೊರಗುಳಿದ. ಅಮೆರಿಕದ ತಯಾರಕರು ತಾವಾಗಿಯೇ ಅದನ್ನು 20 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಅಳವಡಿಸತೊಡಗಿದ್ದು 1985ರಲ್ಲಿ. ಅದಕ್ಕೆ ಮೊದಲಿನ ಎಷ್ಟೋ ಯಂತ್ರಗಳು ಇಂದಿಗೂ ಗುಡ್ಡಗಳ ಮೇಲೆ ದುಡಿಯುತ್ತಿವೆ, ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಆದ್ದರಿಂದ ಇಳಿಜಾರಿನ ನೆಲಕ್ಕೆ ಟ್ರ್ಯಾಕ್ಟರ್ ಆರಿಸುವವರು ಎಂಜಿನ್ನಿನ ಅಶ್ವಶಕ್ತಿಯನ್ನು ಕೇಳುವ ಮೊದಲು ರೋಲ್ ಬಾರ್ ಇದೆಯೇ, ಸೀಟ್ ಬೆಲ್ಟ್ ಇದೆಯೇ, ಚಕ್ರಗಳ ನಡುವಿನ ಅಂತರವನ್ನು ಅಗಲಿಸಲು ಬರುತ್ತದೆಯೇ ಎಂಬುದನ್ನು ನೋಡಬೇಕು, ಮತ್ತು ರೋಲ್ ಬಾರ್ ನಿಂತಿರುವಾಗ ಬೆಲ್ಟ್ ಕಟ್ಟಿಕೊಂಡೇ ಕೂರಬೇಕು. ಬೆಲ್ಟ್ ಕಟ್ಟದವನು ಯಂತ್ರ ಉರುಳುವಾಗ ಹೊರಗೆಸೆಯಲ್ಪಟ್ಟು ಆ ಚೌಕಟ್ಟಿನ ಅಡಿಗೇ ಸಿಲುಕಬಹುದು.