ಕರುಳಿನ ತಂತಿಯ ಠೇಂಕಾರ

ಗಾದಿ ಮಾಡಿಸುವ ಮನೆಯ ಪಡಸಾಲೆಯಲ್ಲಿ ಪಿಂಜಾರ ಕೆಲಸಕ್ಕೆ ಕುಳಿತನೆಂದರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಆಳೆತ್ತರದ ಮರದ ಬಿಲ್ಲು ಜಂತಿಯಿಂದ ಹಗ್ಗದಲ್ಲಿ ಇಳಿಬಿದ್ದಿರುತ್ತಿತ್ತು. ಎಡಗೈ ಅದರ ದಂಡ ಹಿಡಿಯುತ್ತಿತ್ತು. ಬಲಗೈಯಲ್ಲಿ ಎರಡೂ ತುದಿ ದಪ್ಪಗಿದ್ದು ನಡು ಸಣ್ಣಗಿದ್ದ ಮರದ ಗುಂಡು. ಅದು ತಂತಿಗೆ ತಾಗಿ ಜಾರಿದರೆ ‘ಟಂಯ್’ ಎಂಬ ಸದ್ದು. ಗಂಟುಗಟ್ಟಿದ ಅರಳೆ ಚಿಮ್ಮಿ ಎಳೆಎಳೆಯಾಗಿ ಒಂದು ಕಡೆ ಬಿದ್ದರೆ, ಧೂಳು, ಕಾಳಿನ ಚೂರು ಕೆಳಗೆ ಉಳಿಯುತ್ತಿದ್ದವು. ಆ ತಂತಿ ಪ್ರಾಣಿಯ ಕರುಳನ್ನು ಹೊಸೆದು ಮಾಡಿದ್ದು.

ಟೆನಿಸ್ ರ‍್ಯಾಕೆಟ್ಟಿನ ಮೊದಲ ತಂತಿಯೂ ಅದೇ.

ಪಿಂಜಾರನ ಬಿಲ್ಲಿನ ಸದ್ದಿಗೆ ಪಳಗಿದ್ದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಹರಿಹರ ರೈಲುಮಾರ್ಗದ ಊರುಗಳು. ಏಲಕ್ಕಿ ಮಾಲೆಗೆ ಹಾವೇರಿ, ಮೆಣಸಿನಕಾಯಿಗೆ ಬ್ಯಾಡಗಿ ಹೆಸರಾದವು. ಆದರೆ ಈ ಸೀಮೆಯ ಎರೆಹೊಲದಲ್ಲಿ ಮೆಣಸಿನಗಿಡದ ಮಗ್ಗುಲಲ್ಲೇ ಹತ್ತಿ, ಉಳ್ಳಾಗಡ್ಡಿ ಬೆಳೆಯುವ ರೂಢಿ ಹಳೆಯದು. ಹತ್ತಿ ಇದ್ದಲ್ಲಿ ಹಿಂಜುವವರೂ ಇರಲೇಬೇಕು. ಪಿಂಜಾರ, ನದಾಫ ಮನೆತನಗಳು ಆ ಕಸುಬು ಹಿಡಿದವು. ರಾಣೆಬೆನ್ನೂರು ತಾಲ್ಲೂಕಿನಲ್ಲೇ ತುಮ್ಮಿನಕಟ್ಟಿಯ ಕೈಮಗ್ಗವಿತ್ತು, ಮೇಡ್ಲೇರಿಯ ಕಂಬಳಿಯಿತ್ತು.

1840ರ ದಶಕದಲ್ಲಿ ಕಂಪನಿ ಸರ್ಕಾರ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ಬೆಳೆಸಲು ಹೊರಟಿತು. ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನ ಆ ಹತ್ತಿಯ ಬೀಜ ಬಿಡಿಸಲು ಹಲ್ಲುಚಕ್ರದ ಜಿನ್ನುಗಳು ಬಂದವು. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಯ ಬೆಲೆ ಮುಗಿಲಿಗೇರಿತು. ಜಿನ್ನು ಬೀಜ ಬಿಡಿಸೀತು, ಅರಳೆಯನ್ನು ಹಗುರಾಗಿ ಬಿಡಿಸಲಾರದು. ಹಾಗಾಗಿ ಪಿಂಜಾರನ ಬಿಲ್ಲು ಉಳಿಯಿತು. ಅದಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಗಿರಣಿಯ ನೂಲು. ಮನೆಯ ರಾಟೆ ನಿಂತ ಮೇಲೆ ಹಂಜಿ ಯಾರಿಗೆ ಬೇಕು? ಗಾದಿ, ದಿಂಬು ಮಾತ್ರ ಅವನ ಪಾಲಿಗೆ ಉಳಿದವು.

ನಡುವೆ ಖಾದಿ ಚಳವಳಿ ಒಂದಿಷ್ಟು ಜೀವ ತುಂಬಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ ಸಾಬರಮತಿಗೆ ಹೋಗಿ, 1930ರಲ್ಲಿ ಗಾಂಧಿಯ ಜೊತೆ ದಂಡಿಗೆ ನಡೆದವರು. ಸಾಬರಮತಿ ಆಶ್ರಮದಲ್ಲಿ ನೂಲುವುದರ ಜೊತೆಗೆ ಹಿಂಜುವುದನ್ನೂ ಕಲಿಸುತ್ತಿದ್ದರು. ಜಾತಿಕಸುಬೆಂದು ಊರು ಬದಿಗಿಟ್ಟಿದ್ದ ಕೆಲಸ ಅಲ್ಲಿ ಪಾಠವಾಗಿತ್ತು. ಮಹಾದೇವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು.

ಅತ್ತ ಫ್ರಾನ್ಸಿನ ಲಿಯಾನ್‌ನಲ್ಲಿ ಪಿಯರ್ ಬಾಬೊಲಾ 1875ರಲ್ಲಿ ರ‍್ಯಾಕೆಟ್ಟಿಗೆ ಕರುಳಿನ ತಂತಿ ತಯಾರಿಸಿದ್ದ; ವಿಂಬಲ್ಡನ್ ಶುರುವಾದದ್ದು ಅದಾಗಿ ಎರಡು ವರ್ಷಕ್ಕೆ. ಆಗ ಕುರಿಯ ಕರುಳು, ಈಗ ಬಹುಪಾಲು ದನದ್ದು. ಆಟಗಾರ ತಂತಿಯಿಂದ ಎರಡು ಕೇಳುತ್ತಾನೆ: ಚೆಂಡು ತಾಗಿದ್ದು ಕೈಗೆ ಖಡಕ್ಕಾಗಿ ತಿಳಿಯಬೇಕು, ಹೊಡೆತಕ್ಕೆ ಜೋರೂ ಬೇಕು. ಇವೆರಡೂ ಒಂದಕ್ಕೊಂದು ಎದುರು ಎಳೆಯುತ್ತವೆ. ಬಿಗಿಯಾಗಿ ಕಟ್ಟಿದರೆ ಖಡಕ್ ಬರುತ್ತದೆ, ಹಿಡಿತ ಹೆಚ್ಚುತ್ತದೆ; ಆದರೆ ಚೆಂಡೇ ಅಪ್ಪಚ್ಚಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಕೊಂಚ ಸಡಿಲಿಸಿದರೆ ತಂತಿ ಬಾಗಿ, ಆ ಶಕ್ತಿಯನ್ನು ಚೆಂಡಿಗೆ ಮರಳಿಸುತ್ತದೆ. ಬಿಗಿದಷ್ಟೂ ಜೋರು ಎಂಬುದು ಹೊಸಬರ ಭ್ರಮೆ. ಬಿಗಿಯಲ್ಲೂ ಪುಟಿಯುವ ಗುಣ ಕರುಳಿಗಿದೆ. 1940ರ ದಶಕದಲ್ಲಿ ನೈಲಾನ್ ಬಂದರೂ ಕರುಳು ಮೂಲೆ ಸೇರದಿರಲು ಇದೇ ಕಾರಣ. ಅದರ ಶತ್ರು ತೇವ. ಮಳೆಗಾಲದ ಗಾಳಿಗೆ ಪಿಂಜಾರನ ತಂತಿಯೂ ಸಡಿಲು, ಆಟಗಾರನದ್ದೂ ಸಡಿಲು.

1997ರ ಜೂನ್‌ನಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುಯರ್ಟನ್ ಪಾಲಿಯೆಸ್ಟರ್ ತಂತಿಯ ರ‍್ಯಾಕೆಟ್ ಹಿಡಿದು ಫ್ರೆಂಚ್ ಓಪನ್ ಗೆದ್ದ. ಚೆಂಡಿಗೆ ಸುತ್ತು ಕೊಡುವ ಆ ಗಡಸು ತಂತಿ ಅಲ್ಲಿಂದ ಹಬ್ಬಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹಾವೇರಿ, ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಇಲ್ಲಿನ ಹುಡುಗನಿಗೆ ಖಡಕ್ಕೂ ಜೋರೂ ಎರಡೂ ಬೇಕಿದ್ದು, ಕರುಳಿನ ಬೆಲೆ ಕೈಗೆಟುಕದಿದ್ದರೆ, ನೈಲಾನಿನ ನೂರಾರು ಎಳೆ ಸೇರಿಸಿದ 1.25 ಮಿ.ಮೀ. ಸುಮಾರಿನ ತೆಳು ತಂತಿ ವಾಸಿ. ಕಟ್ಟಿಸುವಾಗ ಬಿಗಿತವನ್ನು ವಾಡಿಕೆಗಿಂತ ಎರಡು ಪೌಂಡ್ ಕಡಿಮೆ ಹೇಳಲಿ. ಗಡಸು ಪಾಲಿಯೆಸ್ಟರ್ ಎಳೆಯ ಮೊಣಕೈಗೆ ಒಳ್ಳೆಯದಲ್ಲ.

ಕರುಳಿನ ತಂತಿ ರ‍್ಯಾಕೆಟ್ಟಿನಲ್ಲಿ ಉಳಿದುಕೊಂಡಿತು; ಪಿಂಜಾರನ ಬಿಲ್ಲಿಗೆ ಅಂಥ ಎರಡನೇ ಬಾಳು ಸಿಗಲಿಲ್ಲ. ಹಿಂಜುವ ಯಂತ್ರ ಬಂತು, ಅದರ ಹಿಂದೆ ಫೋಮ್ ಬಂತು. ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಯಾರದಾದರೂ ಅಟ್ಟದ ಮೇಲೆ ಹಳೆಯ ಬಿಲ್ಲು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಗುಂಡಿನ ಸಮೇತ ಅಲ್ಲಿಗೆ ಮುಟ್ಟಿಸಿ. ಅದನ್ನು ಹಿಡಿದು ದುಡಿದ ಹಿರಿಯರು ಮನೆಯಲ್ಲಿದ್ದರೆ, ತಂತಿ ಕಟ್ಟುವ ಬಗೆಯನ್ನು ಅವರ ಬಾಯಿಂದಲೇ ಕೇಳಿ ಮೊಬೈಲಿನಲ್ಲಿ ಹಿಡಿದಿಡಿ.